ಹೃದಯದ ಕವಾಟಕ್ಕೆ ಕಾಲಿನ ರಕ್ತನಾಳವನ್ನು ಏಕೆ ಅಳೆಯುತ್ತಾರೆ?

ಎದೆ ತೆರೆಯದೆ, ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಹೃದಯದ ಕವಾಟ ಬದಲಿಸುವ ‘ಟಾವಿ’ ಚಿಕಿತ್ಸೆಯ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳು ಇತ್ತೀಚೆಗೆ ಹೆಚ್ಚಾಗಿವೆ. ಅವುಗಳಲ್ಲಿ ಕಾಲಿನ ರಕ್ತನಾಳದ ಅಳತೆಗೆ ಸಂಬಂಧಿಸಿದ ಕೆಲವನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು ಕೈಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 77 ವರ್ಷ. ಮಹಾಪಧಮನಿಯ ಕವಾಟ ತೀರಾ ಕಿರಿದಾಗಿದೆ ಎಂದು ಎಕೋದಲ್ಲಿ ಗೊತ್ತಾಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಒಮ್ಮೆ ದೇವರ ಮನೆಯಲ್ಲೇ ಕಣ್ಣು ಕತ್ತಲೆ ಬಂದು ಬಿದ್ದರು. ಕೈಯಿಂದ ಆಂಜಿಯೋಗ್ರಾಂ ಕೂಡ ಆಗಿದೆ. ಅದಾದ ಮೇಲೆ ಕುತ್ತಿಗೆಯಿಂದ ತೊಡೆಯವರೆಗೆ ಸಿಟಿ ಸ್ಕ್ಯಾನ್ ಮಾಡಿಸಿದರು. ಬಲಗಡೆಯ ಹೊರ ಇಲಿಯಾಕ್ ನಾಳ 5.1 ಮಿ.ಮೀ., ಎಡಗಡೆಯದು 6.1 ಮಿ.ಮೀ., ಬಲಗಡೆ ಸುಣ್ಣದ ಅಂಶ ಹೆಚ್ಚು ಎಂದು ವರದಿ ಹೇಳುತ್ತದೆ. ಕಾಯಿಲೆ ಎದೆಯಲ್ಲಿರುವಾಗ ಕಾಲಿನ ನಾಳವನ್ನು ಅಳೆಯುವುದು ಏಕೆ? ಈ ಖರ್ಚು ಬೇಕಿತ್ತೇ? ಅಂಕಿಗಳ ಅರ್ಥವನ್ನೂ ತಿಳಿಸಿ. – ತೀರ್ಥಹಳ್ಳಿ

ಉತ್ತರ: ಬೇಕಿತ್ತು. ನಿಮ್ಮ ತಾಯಿಯವರಿಗೆ ಇದುವರೆಗೆ ಆಗಿರುವ ಪರೀಕ್ಷೆಗಳಲ್ಲಿ ಚಿಕಿತ್ಸೆಯ ದಾರಿಯನ್ನು ನಿರ್ಧರಿಸುವುದು ಇದೊಂದೇ. ಕವಾಟ ಎಷ್ಟು ಕೆಟ್ಟಿದೆ ಎಂಬುದನ್ನು ಎಕೋ ಹೇಳಿತು, ಹೃದಯದ ಸ್ವಂತ ರಕ್ತನಾಳಗಳಲ್ಲಿ ಅಡಚಣೆ ಇದೆಯೇ ಎಂಬುದನ್ನು ಆಂಜಿಯೋಗ್ರಾಂ ಹೇಳಿತು. ಆದರೆ ಈಗ ಆಂಜಿಯೋಗ್ರಾಂ ಹೆಚ್ಚಾಗಿ ಮಣಿಕಟ್ಟಿನಿಂದಲೇ ನಡೆಯುವುದರಿಂದ ಹೊಟ್ಟೆ ಮತ್ತು ಕಾಲಿನ ನಾಳಗಳ ಕಡೆಗೆ ಯಾರೂ ಕಣ್ಣು ಹಾಯಿಸಿರುವುದಿಲ್ಲ. ಹೊಸ ಕವಾಟ ಒಳಗೆ ಹೋಗಬೇಕಾದದ್ದು ಆ ದಾರಿಯಲ್ಲೇ.

ಆ ದಾರಿಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಹೃದಯದಿಂದ ಹೊರಡುವ ಮಹಾಪಧಮನಿ ಎದೆ, ಹೊಟ್ಟೆಗಳನ್ನು ದಾಟಿ ಸುಮಾರು ಹೊಕ್ಕುಳಿನ ಮಟ್ಟದಲ್ಲಿ ಎರಡು ಇಲಿಯಾಕ್ ನಾಳಗಳಾಗಿ ಕವಲೊಡೆಯುತ್ತದೆ. ಪ್ರತಿಯೊಂದು ಕವಲೂ ಸೊಂಟದ ಗುಳಿಯಲ್ಲಿ ಬಾಗಿ ಬಳುಕಿ ತೊಡೆಸಂದಿಗೆ ಬಂದಾಗ ತೊಡೆಯ ಅಪಧಮನಿ ಎನಿಸಿಕೊಳ್ಳುತ್ತದೆ. ಟಾವಿ ಮಾಡುವವರು ತೊಡೆಸಂದಿನಲ್ಲಿ ಈ ನಾಳಕ್ಕೆ ಸೂಜಿ ಚುಚ್ಚಿ, ಅಲ್ಲಿ ಶೀತ್ ಎಂಬ ಕೊಳವೆಯನ್ನು ಕೂರಿಸಿ, ಅರಳಿದಾಗ 23 ಅಥವಾ 26 ಮಿ.ಮೀ. ಅಗಲವಾಗುವ ಕವಾಟವನ್ನು ಪೆನ್ಸಿಲಿಗಿಂತ ಸಣ್ಣದಾಗಿ ಹಿಂಡಿ, ಆ ಕೊಳವೆಯೊಳಗಿಂದ ರಕ್ತ ಹರಿಯುವ ದಿಕ್ಕಿಗೆ ಎದುರಾಗಿ ಹೃದಯದವರೆಗೆ ಏರಿಸುತ್ತಾರೆ. ನಾಳವು ಆ ಕೊಳವೆಯನ್ನು ಒಳಗೆ ಬಿಟ್ಟುಕೊಳ್ಳಬೇಕು, ಅಷ್ಟೇ ಮುಖ್ಯವಾಗಿ, ಕೆಲಸ ಮುಗಿದ ಮೇಲೆ ಹರಿಯದೆ ಹೊರಗೆ ಬಿಡಬೇಕು.

ಕೊಳವೆಗಳನ್ನು ‘ಫ್ರೆಂಚ್’ ಎಂಬ ಮಾನದಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಸೇರಿದರೆ ಒಂದು ಮಿ.ಮೀ. ಈಗ ಹೆಚ್ಚು ಬಳಕೆಯಲ್ಲಿರುವ 14 ಫ್ರೆಂಚ್ ಶೀತ್‌ನ ಒಳವ್ಯಾಸ ಸುಮಾರು 4.7 ಮಿ.ಮೀ. ಆದರೆ ಅಡಿಕೆ ತೋಟಕ್ಕೆ ಪೈಪು ಎಳೆಸಿದವರಿಗೆ ಒಳವ್ಯಾಸ ಬೇರೆ, ಹೊರವ್ಯಾಸ ಬೇರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಸಾಮಾನ್ಯವಾಗಿ ಬಳಸುವ ಹಿಗ್ಗುವ ಬಗೆಯ 14 ಫ್ರೆಂಚ್ ಶೀತ್ ಹೊರಗಿನಿಂದ ಸುಮಾರು 6 ಮಿ.ಮೀ. ಇರುತ್ತದೆ, ಕವಾಟ ಅದರೊಳಗೆ ಸಾಗುವ ಕ್ಷಣದಲ್ಲಿ ಇನ್ನೂ ಹಿಗ್ಗಿ ಮತ್ತೆ ಕುಗ್ಗುತ್ತದೆ. ನಾಳಕ್ಕೆ ತಾಗುವುದು ಈ ಹೊರಮೈ. ವರದಿಯಲ್ಲಿ 5 ಮಿ.ಮೀ. ಇದೆ, ಶೀತ್ 4.7 ಮಿ.ಮೀ. ಎಂದಿದೆ, ಹಾಗಿದ್ದರೆ ಸಲೀಸಾಗಿ ಹೋಗುತ್ತದಲ್ಲ ಎಂದು ಮನೆಯವರು ಲೆಕ್ಕ ಹಾಕುವುದನ್ನು ನಾನು ಹಲವು ಸಲ ಕೇಳಿದ್ದೇನೆ. ಆ ಲೆಕ್ಕ ತಪ್ಪುವುದು ಇಲ್ಲಿಯೇ.

ಹಾಗಾದರೆ 6 ಮಿ.ಮೀ. ಕೊಳವೆಗೆ 6 ಮಿ.ಮೀ. ನಾಳವೇ ಬೇಕೇ? ಆರೋಗ್ಯವಂತ ಅಪಧಮನಿ ರಬ್ಬರಿನಂತೆ ಸ್ವಲ್ಪ ಹಿಗ್ಗುತ್ತದೆ, ಆದ್ದರಿಂದ ಬಲೂನಿನಿಂದ ಅರಳಿಸುವ ಪ್ರಮುಖ ಕವಾಟಗಳಿಗೆ 14 ಫ್ರೆಂಚ್ ಶೀತ್ ಬಳಸುವಾಗ ಕನಿಷ್ಠ 5.5 ಮಿ.ಮೀ. ಸಾಕು ಎಂದು ತಯಾರಕರು ಹೇಳುತ್ತಾರೆ. 29 ಮಿ.ಮೀ.ನ ದೊಡ್ಡ ಕವಾಟಕ್ಕೆ 16 ಫ್ರೆಂಚ್ ಬೇಕಾಗುವಲ್ಲಿ ಈ ಮಿತಿ 6 ಮಿ.ಮೀ.ಗೆ ಏರುತ್ತದೆ. ನೈಟಿನಾಲ್ ಎಂಬ ಮಿಶ್ರಲೋಹದ ತಂತಿಜಾಲದ, ತಾನಾಗಿ ಅರಳುವ ಕೆಲವು ಕವಾಟಗಳ ಚಿಕ್ಕ ಗಾತ್ರಗಳು 5 ಮಿ.ಮೀ. ನಾಳದಲ್ಲೂ ಸಾಗುತ್ತವೆ. ಶೀತ್‌ನ ಹೊರವ್ಯಾಸವನ್ನು ನಾಳದ ಒಳವ್ಯಾಸದಿಂದ ಭಾಗಿಸಿ ನೋಡುವ ಪದ್ಧತಿಯೂ ಇದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಭಾಗಲಬ್ಧ 1.05 ದಾಟಿದರೆ ನಾಳಕ್ಕೆ ಹಾನಿಯಾಗುವ ಸಂಭವ ಏರುತ್ತದೆ ಎಂದು ತೋರಿಸಿತು. ಸುಣ್ಣವಿಲ್ಲದ ನಾಳ 1.1ರವರೆಗೆ ತಾಳಿಕೊಂಡರೆ ಸುಣ್ಣಗಟ್ಟಿದ ನಾಳ 1ಕ್ಕೇ ಸೋಲುತ್ತದೆ ಎಂಬುದು ಅದೇ ಅಧ್ಯಯನದ ಇನ್ನೊಂದು ತಿಳಿವಳಿಕೆ. ಆ ಕಾಲದ ಶೀತ್‌ಗಳು ಹೆಚ್ಚಾಗಿ ಹಿಗ್ಗದ ಬಗೆಯವು. ಆದರೂ ಲೆಕ್ಕದ ತರ್ಕ ಇಂದಿಗೂ ಉಪಯುಕ್ತವಾಗಿದೆ.

ನಿಮ್ಮ ತಾಯಿಯವರ ಅಂಕಿಗಳನ್ನೇ ಇದರಲ್ಲಿಟ್ಟು ನೋಡಿ. ಬಲಗಡೆ 6 ಭಾಗಿಸು 5.1 ಎಂದರೆ ಹತ್ತಿರ ಹತ್ತಿರ 1.18 ಬರುತ್ತದೆ, ಅದರ ಮೇಲೆ ಸುಣ್ಣವೂ ಇದೆ. ಎಡಗಡೆ 6 ಭಾಗಿಸು 6.1 ಎಂದರೆ 1ಕ್ಕಿಂತ ತುಸು ಕಡಿಮೆ. ಚಿತ್ರಗಳನ್ನು ನಾನು ನೋಡಿಲ್ಲವಾದ್ದರಿಂದ ತೀರ್ಪು ಕೊಡಲಾರೆ, ಆದರೆ ಈ ಅಂಕಿಗಳು ಸರಿಯಾಗಿದ್ದು ಎಡ ನಾಳವು ವಿಪರೀತ ಸುತ್ತು ಹಾಕಿಲ್ಲವೆಂದಾದರೆ ನಿಮ್ಮ ವೈದ್ಯರು ಎಡಗಾಲಿನ ಕಡೆಯಿಂದ ಹೋಗಲು ಯೋಚಿಸುವರೆಂದು ಊಹಿಸಬಹುದು. ಸ್ಕ್ಯಾನ್ ಇಲ್ಲದೆ ರೂಢಿಯಂತೆ ಬಲಗಡೆಯಿಂದ ಹೊರಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಿದಾಗ ನೀವು ಕೊಟ್ಟ ಹಣ ದಂಡವಾಗಿಲ್ಲ ಎಂಬುದು ಮನವರಿಕೆಯಾದೀತು.

ಅಂಕಿ ಸರಿಯಾಗಿರಬೇಕಾದರೆ ಅಳೆಯುವ ಕ್ರಮವೂ ಸರಿಯಾಗಿರಬೇಕು. ಸೌತೆಕಾಯಿಯನ್ನು ನೇರವಾಗಿ ಹೆಚ್ಚಿದರೆ ಹೋಳು ದುಂಡಗೆ ಬರುತ್ತದೆ, ಓರೆಯಾಗಿ ಹೆಚ್ಚಿದರೆ ಅದೇ ಕಾಯಿಯ ಹೋಳು ಉದ್ದವಾಗಿ, ದೊಡ್ಡದಾಗಿ ಕಾಣುತ್ತದೆ. ಸಿಟಿ ಯಂತ್ರವು ದೇಹವನ್ನು ಅಡ್ಡಡ್ಡ ಹೋಳುಗಳಾಗಿ ತೋರಿಸುತ್ತದೆ, ಆದರೆ ಇಲಿಯಾಕ್ ನಾಳ ಅಡ್ಡಾದಿಡ್ಡಿಯಾಗಿ ಹರಿಯುತ್ತದೆ. ಆದ್ದರಿಂದ ಬಂದ ಹೋಳಿನ ಮೇಲೆಯೇ ಗೆರೆ ಎಳೆದು ಅಳೆದರೆ ನಾಳ ಇರುವುದಕ್ಕಿಂತ ಅಗಲವೆಂದು ತೋರಬಹುದು. ಕ್ರಮಬದ್ಧವಾಗಿ ಮಾಡುವವರು ಗಣಕದಲ್ಲಿ ನಾಳದ ನಡುಗೆರೆಯನ್ನು ಗುರುತಿಸಿ, ಅದರ ಡೊಂಕನ್ನೆಲ್ಲ ಬಿಡಿಸಿ ನೇರವಾದ ಪಟ್ಟಿಯಂತೆ ಹಾಸಿಕೊಂಡು, ನಡುಗೆರೆಗೆ ಲಂಬವಾಗಿ ಒಂದೊಂದೇ ಹೋಳು ತೆಗೆದು, ಹೊಟ್ಟೆಯ ಮಹಾಪಧಮನಿಯಿಂದ ತೊಡೆಯ ಕವಲಿನವರೆಗೆ ಎರಡೂ ಕಡೆ ಇಳಿಯುತ್ತಾರೆ. ಪರದೆಯ ಮೇಲೆ ಕಾಂಟ್ರಾಸ್ಟ್ (ನಾಳ ಎದ್ದು ಕಾಣಲೆಂದು ಚುಚ್ಚಿ ಕೊಡುವ ಔಷಧ) ತುಂಬಿದ ನಾಳ ಬೂದುಬಿಳುಪಿನ ಕಬ್ಬಿನ ಜಲ್ಲೆಯಂತೆ ಕಾಣುತ್ತದೆ, ಸುಣ್ಣವಿದ್ದಲ್ಲಿ ಅದರ ಅಂಚಿಗೆ ಕಣ್ಣು ಕುಕ್ಕುವಷ್ಟು ಬಿಳಿಯ ಚುಕ್ಕೆಗಳು ಅಂಟಿಕೊಂಡಿರುತ್ತವೆ. ಸುಣ್ಣ ತನ್ನ ನಿಜಗಾತ್ರಕ್ಕಿಂತ ದೊಡ್ಡದಾಗಿ ಹೊಳೆಯುವುದರಿಂದ ಆ ಜಾಗದಲ್ಲಿ ನಾಳ ಇರುವುದಕ್ಕಿಂತ ಕಿರಿದೆಂದು ತೋರುವುದೂ ಉಂಟು, ಅನುಭವಿಗಳು ಪರದೆಯ ಹೊಳಪನ್ನು ಹೊಂದಿಸಿಕೊಂಡು ಅದನ್ನು ಸರಿತೂಗಿಸುತ್ತಾರೆ. ಕೊನೆಗೆ ಲೆಕ್ಕಕ್ಕೆ ಬರುವುದು ಅತಿ ಕಿರಿದಾದ ಜಾಗದ ಅಳತೆ, ಸರಾಸರಿಯಲ್ಲ.

ವ್ಯಾಸದ ಜೊತೆಗೆ ಸುಣ್ಣ ಹೇಗೆ ಕೂತಿದೆ ಎಂಬುದನ್ನೂ ನೋಡಬೇಕು, ನನ್ನ ಮಟ್ಟಿಗೆ ವ್ಯಾಸಕ್ಕಿಂತ ಇದೇ ಹೆಚ್ಚು ಕಾಡುವ ವಿಷಯ. ಅಲ್ಲಲ್ಲಿ ಚೂರು ಸುಣ್ಣವಿದ್ದರೆ ಚಿಂತೆಯಿಲ್ಲ. ಕುದುರೆ ಲಾಳದಂತೆ ಮುಕ್ಕಾಲು ಸುತ್ತು ಅಥವಾ ಬಳೆಯಂತೆ ಪೂರ್ತಿ ಸುತ್ತು ಕೂತಿದ್ದರೆ ನಾಳ ಹಿಗ್ಗುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ, ಒತ್ತಿದರೆ ಬಿರಿಯುತ್ತದೆ. ಸುತ್ತುಬಳಸು ಹಾಗಲ್ಲ. ಹಾವಿನಂತೆ ಬಳುಕಿದ ನಾಳವೂ ಸುಣ್ಣವಿಲ್ಲದೆ ಮೆತ್ತಗಿದ್ದರೆ ಗಟ್ಟಿ ತಂತಿಯೊಂದನ್ನು ಒಳಗೆ ಬಿಟ್ಟೊಡನೆ ನೇರವಾಗುತ್ತದೆ. ಸುಣ್ಣವೂ ಬಳುಕೂ ಒಂದೇ ಜಾಗದಲ್ಲಿ ಕೂಡಿದಾಗ ಮಾತ್ರ ಅಪಾಯ ಬಹಳ ಹೆಚ್ಚುತ್ತದೆ.

ಸುಮಾರು ಹತ್ತು ವರ್ಷದ ಹಿಂದೆ ನಾನು ಸಹಾಯಕನಾಗಿ ನಿಂತಿದ್ದ ಒಂದು ಚಿಕಿತ್ಸೆ ನೆನಪಾಗುತ್ತದೆ. ವರದಿಯಲ್ಲಿ ‘ಬಲ ನಾಳ 6 ಮಿ.ಮೀ., ಸಾಕಷ್ಟಿದೆ’ ಎಂಬ ಒಂದೇ ಸಾಲಿತ್ತು, ನಾವು ಆ ಸಾಲನ್ನು ಓದಿದೆವು, ಚಿತ್ರಗಳನ್ನು ತೆರೆದು ನೋಡಲಿಲ್ಲ. ಕವಾಟ ಚೆನ್ನಾಗಿ ಕೂತಿತು, ಎಲ್ಲರೂ ಸಮಾಧಾನಪಟ್ಟೆವು. ಶೀತ್ ಹೊರಗೆಳೆಯುವಾಗ ಅದು ಹಿಡಿದುಕೊಂಡಂತಾಯಿತು, ಎಳೆದ ಮರುಗಳಿಗೆ 130 ಇದ್ದ ರಕ್ತದೊತ್ತಡ 70ಕ್ಕೆ ಇಳಿಯಿತು. ಹೊರ ಇಲಿಯಾಕ್ ನಾಳ ಒಳಗೇ ಹರಿದಿತ್ತು. ಇನ್ನೊಂದು ಕಾಲಿನಿಂದ ಬಲೂನು ಕಳಿಸಿ, ರಕ್ತ ತಡೆದು, ಹೊದಿಕೆಯುಳ್ಳ ಸ್ಟೆಂಟ್ ಹಾಕಿ ಆ ಹಿರಿಯರನ್ನು ಉಳಿಸಿಕೊಂಡೆವು. ಆಮೇಲೆ ಸ್ಕ್ಯಾನ್ ತೆರೆದು ನೋಡಿದರೆ ಹರಿದ ಜಾಗದಲ್ಲೇ ಬಳೆಯಂಥ ಸುಣ್ಣ ಸ್ಪಷ್ಟವಾಗಿ ಕಾಣುತ್ತಿತ್ತು. ಅಂದಿನಿಂದ ವರದಿಯನ್ನಷ್ಟೇ ಓದಿ ನಾನು ಯಾವ ನಾಳಕ್ಕೂ ಕೈಹಾಕಿಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ 78 ವರ್ಷ, ಸಕ್ಕರೆ ಕಾಯಿಲೆಯಿದೆ, ಕ್ರಿಯೇಟಿನಿನ್ 1.9. ಸಿಟಿ ಸ್ಕ್ಯಾನಿಗೆ ಕೊಡುವ ಔಷಧದಿಂದ ಕಿಡ್ನಿ ಹೋಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಕಾಲಿನ ನಾಳವನ್ನು ಡಾಪ್ಲರ್ ಸ್ಕ್ಯಾನಿನಲ್ಲಿ ನೋಡಿದರೆ ಸಾಲದೇ? – ಕಲಬುರಗಿ

ಉತ್ತರ: ಡಾಪ್ಲರ್ ತೊಡೆಸಂದಿನ ನಾಳವನ್ನು ಚೆನ್ನಾಗಿ ತೋರಿಸುತ್ತದೆ. ಅದರ ಮೇಲಿನ ಇಲಿಯಾಕ್ ನಾಳಗಳು ಸೊಂಟದ ಆಳದಲ್ಲಿ ಕರುಳಿನ ಹಿಂದೆ ಇರುವುದರಿಂದ, ಕರುಳಿನ ಗಾಳಿ ಅಡ್ಡ ಬಂದು, ಬೇಕಾದಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ತೊಂದರೆ ಇರುವುದು ಬಹಳ ಸಲ ಅಲ್ಲಿಯೇ. ಹಾಗಾಗಿ ಡಾಪ್ಲರ್ ಒಂದನ್ನೇ ನಂಬಿ ಟಾವಿಗೆ ಹೊರಡುವುದು ಸರಿಯಲ್ಲ. ಇದಲ್ಲದೆ ಹೃದಯದ ಕವಾಟದ ಬುಡದ ಅಳತೆಯೂ, ಅಂದರೆ ಯಾವ ಗಾತ್ರದ ಕವಾಟ ಹಾಕಬೇಕು ಎಂಬುದೂ ಇದೇ ಸಿಟಿಯಿಂದ ಸಿಗಬೇಕು.

ನಿಮ್ಮ ನೆಂಟರ ಹೆದರಿಕೆ ಪೂರ್ತಿ ಆಧಾರವಿಲ್ಲದ್ದಲ್ಲ, ಆದರೆ ಅಳತೆ ಮೀರಿದ್ದು. ಈ ವಯಸ್ಸಿನ ಗಂಡಸಿಗೆ 1.9 ಕ್ರಿಯೇಟಿನಿನ್ ಎಂದರೆ ಕಿಡ್ನಿ ಸೋಸುವ ಅಂದಾಜು ಪ್ರಮಾಣ, ಇ–ಜಿಎಫ್‌ಆರ್, 36ರ ಆಸುಪಾಸು ಬರುತ್ತದೆ. ರಕ್ತನಾಳಕ್ಕೆ ಚುಚ್ಚಿ ಕೊಡುವ ಕಾಂಟ್ರಾಸ್ಟ್‌ನಿಂದ ಗಮನಾರ್ಹ ಅಪಾಯವಿರುವುದು ಮುಖ್ಯವಾಗಿ ಇದು 30ಕ್ಕಿಂತ ಕೆಳಗಿಳಿದವರಿಗೆ ಎಂಬುದು ಈಗಿನ ತಿಳಿವಳಿಕೆ, ಹಿಂದೆ ನಾವು ಅಂದುಕೊಂಡಿದ್ದಕ್ಕಿಂತ ಈ ಅಪಾಯ ಕಡಿಮೆ. ಸಾಮಾನ್ಯವಾಗಿ 50ರಿಂದ 100 ಮಿ.ಲೀ. ಕಾಂಟ್ರಾಸ್ಟ್ ಬಳಸುತ್ತಾರೆ, ಕಿಡ್ನಿ ದುರ್ಬಲವಿದ್ದವರಿಗೆ ಅದನ್ನು ಇನ್ನಷ್ಟು ಇಳಿಸುವ ಕ್ರಮಗಳೂ ಇವೆ. ಕ್ರಿಯೇಟಿನಿನ್ ವರದಿಯನ್ನು ಮೊದಲೇ ತೋರಿಸಿ ಈ ಬಗ್ಗೆ ಸ್ಕ್ಯಾನ್ ಕೇಂದ್ರದಲ್ಲಿ ಕೇಳಿ. ಆಂಜಿಯೋಗ್ರಾಂ ಆದ ಮರುದಿನವೇ ಸಿಟಿ ಬೇಡ, ನಡುವೆ ಕೆಲವು ದಿನ ಬಿಟ್ಟು ಕ್ರಿಯೇಟಿನಿನ್ ಮತ್ತೆ ನೋಡಿಕೊಳ್ಳುವುದು ಒಳ್ಳೆಯದು. ನೋವಿನ ಮಾತ್ರೆಗಳನ್ನು ಆ ವಾರ ದೂರವಿಡಿ. ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ಇ–ಜಿಎಫ್‌ಆರ್ 30ಕ್ಕಿಂತ ಕಡಿಮೆಯಿರುವವರಿಗೆ ಕಾಂಟ್ರಾಸ್ಟ್ ಕೊಟ್ಟ ನಂತರ 48 ಗಂಟೆ ಅದನ್ನು ನಿಲ್ಲಿಸುತ್ತಾರೆ.

ಒಂದು ಎಚ್ಚರ ಮಾತ್ರ ಅಗತ್ಯ. ಕಿಡ್ನಿ ಕಾಪಾಡಲೆಂದು ಮನೆಯಲ್ಲೇ ಚೊಂಬುಗಟ್ಟಲೆ ನೀರು ಕುಡಿಸಬೇಡಿ. ಕವಾಟ ಕಿರಿದಾದ ಹೃದಯಕ್ಕೆ ಹೆಚ್ಚಿನ ನೀರು ಶ್ವಾಸಕೋಶ ತುಂಬಿಸುವ ಹೊರೆಯಾಗಬಹುದು. ಎಷ್ಟು ದ್ರವ, ಯಾವಾಗ ಎಂಬುದನ್ನು ಚಿಕಿತ್ಸೆ ಮಾಡುವವರೇ ಹೇಳಲಿ. ಕಾಂಟ್ರಾಸ್ಟ್ ಕೊಡಲೇಬಾರದ ಸ್ಥಿತಿಯಿದ್ದವರಿಗೆ ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಸುಣ್ಣವನ್ನು ನೋಡಿ, ಎಂಆರ್‌ಐ ಅಥವಾ ನಾಳದೊಳಗೇ ಇಳಿಸುವ ಅಲ್ಟ್ರಾಸೌಂಡ್‌ನಿಂದ ಒಳವ್ಯಾಸವನ್ನು ತಿಳಿಯುವ ದಾರಿಯೂ ಇದೆ. ನಿಮ್ಮ ತಂದೆಯವರ ಅಂಕಿ ನೋಡಿದರೆ ಅಲ್ಲಿಯವರೆಗೆ ಹೋಗಬೇಕಾದೀತು ಎನಿಸುವುದಿಲ್ಲ.

ಪ್ರಶ್ನೆ: ತಂದೆಗೆ 81 ವರ್ಷ, ಮೂವತ್ತು ವರ್ಷ ಬೀಡಿ ಸೇದಿದವರು. ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಸ್ಕ್ಯಾನ್ ನೋಡಿದ ವೈದ್ಯರು, ಎರಡೂ ಕಾಲಿನ ನಾಳಗಳಲ್ಲಿ ಸುಣ್ಣ ತುಂಬಿದೆ, 4 ಮಿ.ಮೀ. ಕೂಡ ಇಲ್ಲ, ಕಾಲಿನಿಂದ ಟಾವಿ ಸಾಧ್ಯವಿಲ್ಲ ಎಂದರು. ಇನ್ನು ಏನೂ ಮಾಡುವಂತಿಲ್ಲವೇ? – ಕುಂದಾಪುರ

ಉತ್ತರ: ಅವರು ಹೇಳಿದ್ದು ಕಾಲಿನಿಂದ ಸಾಧ್ಯವಿಲ್ಲವೆಂದು. ಟಾವಿಯೇ ಸಾಧ್ಯವಿಲ್ಲ ಎಂದು ಅದನ್ನು ಕೇಳಿಸಿಕೊಂಡು ಮನೆಗೆ ಮರಳಬೇಡಿ. ಈ ಚಿಕಿತ್ಸೆಯ ಹುಟ್ಟಿನ ಕತೆಯೇ ನಿಮ್ಮ ತಂದೆಯವರಂಥ ಕಾಲುಗಳಿಂದ ಶುರುವಾದದ್ದು.

2002ರ ಏಪ್ರಿಲ್ 16ರಂದು ಫ್ರಾನ್ಸ್‌ನ ರೂಆಂ ನಗರದಲ್ಲಿ ಅಲೆನ್ ಕ್ರಿಬಿಯೇ ಎಂಬ ಹೃದ್ರೋಗ ತಜ್ಞರು ಜಗತ್ತಿನಲ್ಲೇ ಮೊದಲ ಬಾರಿಗೆ ಮನುಷ್ಯರೊಬ್ಬರಿಗೆ ಕ್ಯಾತಿಟರ್ ಮೂಲಕ ಮಹಾಪಧಮನಿಯ ಕವಾಟ ಹಾಕಿದರು. ರೋಗಿಗೆ 57 ವರ್ಷ, ಹೃದಯ ಕುಸಿದು ಆಘಾತದ ಸ್ಥಿತಿಯಲ್ಲಿದ್ದರು. ಕಾಲುಗಳಿಗೆ ರಕ್ತ ಒಯ್ಯಲೆಂದು ಹಿಂದೆ ಹಾಕಿದ್ದ ಬೈಪಾಸ್ ನಾಳ ಕಟ್ಟಿಹೋಗಿತ್ತು. ಅಪಧಮನಿಯ ದಾರಿ ಮುಚ್ಚಿದ್ದರಿಂದ ಕ್ರಿಬಿಯೇ ತೊಡೆಯ ಅಭಿಧಮನಿಯಿಂದ ಹೃದಯದ ಬಲಭಾಗಕ್ಕೆ ಏರಿ, ನಡುಗೋಡೆಯನ್ನು ಚುಚ್ಚಿ ಎಡಭಾಗಕ್ಕೆ ದಾಟಿ, ಅಲ್ಲಿಂದ ಇಳಿದು ಕವಾಟವನ್ನು ಕೂರಿಸಿದರು. ಕವಾಟ ಚೆನ್ನಾಗಿ ಕೆಲಸ ಮಾಡಿತು. ಆದರೆ ಕಾಲಿನ ರಕ್ತಕೊರತೆ ಬೆಳೆದು, ಕಾಲು ಕತ್ತರಿಸಬೇಕಾಗಿ ಬಂದು, ಗಾಯ ಮಾಯದೆ ಸೋಂಕಾಗಿ, 17 ವಾರಗಳ ನಂತರ ಆ ರೋಗಿ ತೀರಿಕೊಂಡರು. ಕವಾಟ ಗೆದ್ದರೂ ಕಾಲು ಸೋತ ಆ ಪ್ರಕರಣವನ್ನು ಪ್ರತಿ ಸ್ಕ್ಯಾನ್ ನೋಡುವಾಗಲೂ ನಾನು ನೆನೆಯುತ್ತೇನೆ. ಮುಂದೆ 2005ರ ಹೊತ್ತಿಗೆ ಕೆನಡಾದ ವ್ಯಾಂಕೂವರ್‌ನಲ್ಲಿ ಜಾನ್ ವೆಬ್ ಅವರು ತೊಡೆಯ ಅಪಧಮನಿಯ ನೇರ ದಾರಿಯನ್ನು ರೂಢಿಗೆ ತಂದರು. ಆಗಿನ ಶೀತ್‌ಗಳು 22 ಮತ್ತು 24 ಫ್ರೆಂಚ್, ಅಂದರೆ ಒಳವ್ಯಾಸವೇ 7–8 ಮಿ.ಮೀ. ಅಂಥ ಕೊಳವೆಗಳನ್ನು ಬಳಸಿದ ಪಾರ್ಟ್‌ನರ್ ಎಂಬ ಟಾವಿ ಅಧ್ಯಯನದ 2010ರ ವರದಿಯಲ್ಲಿ ರಕ್ತನಾಳದ ದೊಡ್ಡ ತೊಡಕು 30 ದಿನಗಳೊಳಗೆ ಶೇ 16.2 ಮಂದಿಗೆ ಆಗಿತ್ತು. ತೆಳುವಾದ ಶೀತ್‌ಗಳ ಕಾಲದ ಪಾರ್ಟ್‌ನರ್–3ರ 2019ರ ವರದಿಯಲ್ಲಿ ಅದು ಶೇ 2.2ಕ್ಕೆ ಇಳಿಯಿತು. ಮೊದಲಿನವರು ಶಸ್ತ್ರಚಿಕಿತ್ಸೆಗೇ ಆಗದಷ್ಟು ಕಾಯಿಲೆಯವರು, ಎರಡನೆಯವರು ಹೆಚ್ಚು ಗಟ್ಟಿಮುಟ್ಟಾದವರು, ಆದ್ದರಿಂದ ಎರಡನ್ನೂ ನೇರ ಹೋಲಿಸಲಾಗದು. ಹಾಗಿದ್ದರೂ ಕೊಳವೆ ತೆಳುವಾದದ್ದು ಮತ್ತು ಸಿಟಿಯಲ್ಲಿ ಮೊದಲೇ ಅಳೆದು ಆರಿಸುವುದು ರೂಢಿಯಾದದ್ದು ಈ ಇಳಿಕೆಯ ಮುಖ್ಯ ಕಾರಣಗಳಲ್ಲಿ ಸೇರಿವೆ. ಗುಜರಾತಿನ ವಾಪಿಯ ಕಂಪನಿಯೊಂದು ತಯಾರಿಸುವ, 2018ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಮೈವಾಲ್ ಕವಾಟವೂ 14 ಫ್ರೆಂಚ್ ಶೀತ್‌ನಲ್ಲೇ ಹೋಗುತ್ತದೆ.

ಈಗ ನಿಮ್ಮ ತಂದೆಯವರ ವಿಷಯ. 4 ಮಿ.ಮೀ. ಇಲ್ಲದ, ಸುಣ್ಣಗಟ್ಟಿದ ನಾಳದಲ್ಲಿ ಯಾವ ಕವಾಟವನ್ನೂ ಹಾಗೆಯೇ ನೂಕಬಾರದು. ಕಿರಿದಾದ ಜಾಗ ಗಿಡ್ಡವಾಗಿದ್ದು ಉಳಿದ ನಾಳ ಚೆನ್ನಾಗಿದ್ದರೆ, ಕಿಡ್ನಿ ಕಲ್ಲನ್ನು ಹೊರಗಿನಿಂದ ಒಡೆಯುವ ಹಾಗೆ, ಬಲೂನಿನೊಳಗಿಂದ ಹೊಮ್ಮುವ ಒತ್ತಡದ ಅಲೆಗಳಿಂದ ಸುಣ್ಣವನ್ನು ಬಿರುಕುಗೊಳಿಸಿ ನಾಳಕ್ಕೆ ಹಿಗ್ಗುವ ಗುಣವನ್ನು ಮರಳಿ ಕೊಡುವ ಲಿಥೊಟ್ರಿಪ್ಸಿ ವಿಧಾನವಿದೆ. ಉದ್ದಕ್ಕೂ ಕೆಟ್ಟಿದ್ದರೆ ಬೇರೆ ಬಾಗಿಲು ಹುಡುಕಬೇಕು: ಕಾಲರ್ ಎಲುಬಿನ ಕೆಳಗಿನ ಸಬ್‌ಕ್ಲೇವಿಯನ್ ನಾಳ, ಮಿದುಳಿನ ರಕ್ತಸಂಚಾರವನ್ನು ಪರೀಕ್ಷಿಸಿದ ಮೇಲೆ ಕುತ್ತಿಗೆಯ ಕೆರೊಟಿಡ್ ನಾಳ, ಅಥವಾ ಪಕ್ಕೆಲುಬುಗಳ ನಡುವೆ ಸಣ್ಣದಾಗಿ ಕೊಯ್ದು ಹೃದಯದ ತುದಿಯಿಂದ. ಕೊನೆಯದನ್ನು ಈಗ ಕಡಿಮೆ ಬಳಸುತ್ತಾರೆ. ಹೊಟ್ಟೆಯೊಳಗೆ ದೊಡ್ಡ ಅಭಿಧಮನಿಯಿಂದ ಪಕ್ಕದ ಮಹಾಪಧಮನಿಗೆ ರಂಧ್ರ ಮಾಡಿಕೊಂಡು ದಾಟುವ ಕ್ರಮವನ್ನು 2013ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೊದಲು ಮಾಡಿದರು, ಅದು ಪಳಗಿದ ಕೈಗಳ ಕೆಲಸ. ಈ ಎಲ್ಲ ದಾರಿಗಳ ಅಳತೆಯೂ ನಿಮ್ಮ ಕೈಯಲ್ಲಿರುವ ಅದೇ ಸ್ಕ್ಯಾನಿನಲ್ಲಿ ಸಿಗುತ್ತದೆ, ಕುತ್ತಿಗೆಯಿಂದಲೇ ಅದನ್ನು ಶುರುಮಾಡುವುದು ಇದಕ್ಕಾಗಿಯೇ.

ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯೂ ಆಯ್ಕೆಗಳಲ್ಲಿ ಒಂದು. ಅಮೆರಿಕದ 2020ರ ಮಾರ್ಗಸೂಚಿಯು 80 ದಾಟಿದವರಿಗೆ ಟಾವಿಯನ್ನು ಮುಂದಿಡುವಾಗಲೂ ತೊಡೆಯ ದಾರಿಯಿಂದ ಆಗುವ ಟಾವಿ ಎಂದೇ ಹೇಳುತ್ತದೆ. ಆ ದಾರಿ ಮುಚ್ಚಿದಾಗ ಲೆಕ್ಕವನ್ನೆಲ್ಲ ಮತ್ತೆ ಹಾಕಬೇಕಾಗುತ್ತದೆ. 81ರ ವಯಸ್ಸಿನಲ್ಲಿ ಶ್ವಾಸಕೋಶ, ಕಿಡ್ನಿ, ಓಡಾಟದ ಶಕ್ತಿ ಎಲ್ಲವನ್ನೂ ತೂಗಿ ಹೃದ್ರೋಗ ತಜ್ಞರು ಮತ್ತು ಶಸ್ತ್ರವೈದ್ಯರು ಒಟ್ಟಿಗೆ ಕೂತು ತೀರ್ಮಾನಿಸಬೇಕು. ಈ ಬೇರೆ ದಾರಿಗಳನ್ನು ನಿಯಮಿತವಾಗಿ ಬಳಸುವ ಕೇಂದ್ರವೊಂದರಲ್ಲಿ ಇನ್ನೊಮ್ಮೆ ಅಭಿಪ್ರಾಯ ಕೇಳಿ. ಬೀಡಿ ಇನ್ನೂ ಇದ್ದರೆ ಇಂದೇ ನಿಲ್ಲಿಸಲಿ. ಮೀನಖಂಡದ ನೋವು ಹೃದಯದ ಕಾಯಿಲೆಯ ಭಾಗವಲ್ಲ, ಅದೇ ಕಿರಿದಾದ ನಾಳಗಳ ಕೂಗು. ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು.

ಪ್ರಶ್ನೆ: ಅಮ್ಮನಿಗೆ ದಪ್ಪಗೆ ಉಬ್ಬಿದ ಕಾಲಿನ ನರಗಳಿವೆ, ಎರಡು ವರ್ಷದ ಹಿಂದೆ ಬಲ ಸೊಂಟದ ಕೀಲು ಬದಲಿಸಲಾಗಿದೆ. ಟಾವಿಗೆ ಇವು ಅಡ್ಡಿಯೇ? – ಹಾಸನ

ಉತ್ತರ: ಉಬ್ಬಿದ ನರಗಳು ಅಭಿಧಮನಿಗಳು, ಕವಾಟ ಹೋಗುವುದು ಅಪಧಮನಿಯಲ್ಲಿ. ಅವು ಅಡ್ಡಿಯಲ್ಲ. ಸೊಂಟದ ಲೋಹದ ಕೀಲು ಸಿಟಿ ಚಿತ್ರದಲ್ಲಿ ಗೀರುಗೀರಾದ ನೆರಳು ಹಾಕಿ, ಸರಿಯಾಗಿ ಸೂಜಿ ಚುಚ್ಚುವ ಜಾಗದಲ್ಲೇ ನಾಳವನ್ನು ಮಸುಕಾಗಿಸುತ್ತದೆ. ಮೊದಲೇ ತಿಳಿಸಿದರೆ ಆ ನೆರಳನ್ನು ಕಡಿಮೆ ಮಾಡುವ ಹಾಗೆ ಸ್ಕ್ಯಾನ್ ಹೊಂದಿಸುತ್ತಾರೆ, ಆ ಒಂದು ಭಾಗವನ್ನು ಡಾಪ್ಲರ್‌ನಲ್ಲಿ ಮತ್ತೆ ನೋಡುತ್ತಾರೆ.

ಪ್ರಶ್ನೆ: ನನ್ನ ಅತ್ತೆಯವರು 42 ಕಿಲೋ ತೂಕದ ಸಣ್ಣ ದೇಹದವರು. ಇಂಥ ಹೆಂಗಸರಿಗೆ ಟಾವಿಯಲ್ಲಿ ಕಾಲಿನಿಂದ ರಕ್ತಸ್ರಾವ ಹೆಚ್ಚು ಎಂದು ಓದಿದೆ. ಅಳತೆ 5.6 ಮಿ.ಮೀ. ಬಂದಿದೆ. ಧೈರ್ಯ ಮಾಡಬಹುದೇ? – ಮೈಸೂರು

ಉತ್ತರ: ನೀವು ಓದಿದ್ದು ನಿಜ. ಹೆಂಗಸರ ನಾಳಗಳು ಸಾಮಾನ್ಯವಾಗಿ ಸಣ್ಣವು, ನಾಳದ ತೊಡಕುಗಳೂ ಅವರಲ್ಲಿ ಹೆಚ್ಚು. 5.6 ಮಿ.ಮೀ. ಗಡಿಯ ಅಳತೆ. ಸುಣ್ಣವಿಲ್ಲದಿದ್ದರೆ 14 ಫ್ರೆಂಚ್ ಶೀತ್‌ಗೆ ಸಾಲುತ್ತದೆ, ಬಳೆಯಂಥ ಸುಣ್ಣವಿದ್ದರೆ ಸಾಲದು. ಆದ್ದರಿಂದ ಅಳತೆಯ ಪಕ್ಕದಲ್ಲಿ ಸುಣ್ಣದ ಬಗ್ಗೆ ಏನು ಬರೆದಿದೆ ಎಂದು ನೋಡಿ. ಯಾವ ಕವಾಟ ಆರಿಸುತ್ತಾರೆ ಎಂಬುದನ್ನೂ ಕೇಳಿ, ಅರ್ಧ ಮಿಲಿಮೀಟರಿನ ವ್ಯತ್ಯಾಸ ಇವರ ಪಾಲಿಗೆ ದೊಡ್ಡದು.

ಅಳತೆಯಷ್ಟೇ ಮುಖ್ಯವಾದದ್ದು ಸೂಜಿ ಬೀಳುವ ಜಾಗ. ತೊಡೆಯೆಲುಬಿನ ದುಂಡು ತಲೆಯ ನಡುಭಾಗದ ಮೇಲೆ, ನಾಳ ಎರಡು ಕವಲಾಗುವ ಮೊದಲು, ಅದರ ಮುಂಗೋಡೆಯ ಸುಣ್ಣವಿಲ್ಲದ ಜಾಗಕ್ಕೆ ಚುಚ್ಚಬೇಕು. ಅಲ್ಲಿ ಹಿಂದೆ ಎಲುಬಿನ ಆಸರೆಯಿರುವುದರಿಂದ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಒಂದೆರಡು ಬೆರಳು ಮೇಲಾದರೆ ರಕ್ತ ಹೊಟ್ಟೆಯ ಹಿಂಭಾಗದಲ್ಲಿ ಕಣ್ಣಿಗೆ ಕಾಣದಂತೆ ಶೇಖರವಾಗಬಹುದು, ಕೆಳಗಾದರೆ ಸಣ್ಣ ಕವಲಿಗೆ ಗಾಯವಾಗಿ ಗಂಟು ಕಟ್ಟಬಹುದು. ಈಗ ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿಯನ್ನು ಕಾಣುತ್ತಲೇ ಚುಚ್ಚುವುದು ಒಳ್ಳೆಯ ಕೇಂದ್ರಗಳಲ್ಲಿ ನಿತ್ಯದ ಕ್ರಮ. ದೊಡ್ಡ ಶೀತ್ ಹಾಕುವ ಮೊದಲೇ ನಾಳದ ಗೋಡೆಗೆ ಹೊಲಿಗೆಯ ದಾರಗಳನ್ನು ಕೂರಿಸಿಟ್ಟು, ಕೊನೆಗೆ ಗಂಟು ಬಿಗಿದು ಮುಚ್ಚುತ್ತಾರೆ. ಅಲ್ಟ್ರಾಸೌಂಡ್ ನೋಡಿ ಚುಚ್ಚುತ್ತೀರಾ, ನಾಳ ಹರಿದರೆ ಹೊದಿಕೆಯ ಸ್ಟೆಂಟ್ ಮತ್ತು ರಕ್ತನಾಳದ ಶಸ್ತ್ರವೈದ್ಯರು ಅಲ್ಲೇ ಸಿಗುತ್ತಾರಾ ಎಂದು ಕೇಳಲು ಸಂಕೋಚಪಡಬೇಡಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ.

ಚಿಕಿತ್ಸೆಯಾದ ಮೇಲೆ ಸೊಂಟ ಅಥವಾ ಪಕ್ಕೆಯಲ್ಲಿ ಆಳದ ನೋವು, ತಲೆಸುತ್ತು, ತೊಡೆಸಂದಿನಲ್ಲಿ ಬೆಳೆಯುವ ಅಥವಾ ಮಿಡಿಯುವ ಗಂಟು, ಪಾದ ತಣ್ಣಗಾಗಿ ಬಿಳಿಚಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಚರ್ಮದ ಮೇಲೆ ಹರಡುವ ನೀಲಿ ಬಣ್ಣವೊಂದೇ ಇದ್ದು, ಗಂಟಿಲ್ಲದೆ ನೋವಿಲ್ಲದೆ ಇದ್ದರೆ, ಅದು ಬಹುತೇಕ ಒಂದೆರಡು ವಾರದಲ್ಲಿ ಮಾಸುತ್ತದೆ.

ಪ್ರಶ್ನೆ: ಅಪ್ಪ ಅಮ್ಮ ಧಾರವಾಡದಲ್ಲಿದ್ದಾರೆ, ನಾನು ಮಸ್ಕತ್‌ನಲ್ಲಿದ್ದೇನೆ. ಅಪ್ಪನ ಸ್ಕ್ಯಾನ್ ವರದಿಯ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಇಲ್ಲಿನ ವೈದ್ಯರಿಗೆ ತೋರಿಸಿ ಎರಡನೇ ಅಭಿಪ್ರಾಯ ಪಡೆಯಬಹುದೇ? – ಮಸ್ಕತ್

ಉತ್ತರ: ವರದಿಯ ಫೋಟೊದಿಂದ ಪ್ರಯೋಜನವಾಗದು, ಫಿಲ್ಮ್ ಹಾಳೆಯ ಫೋಟೊದಿಂದಲೂ ಅಷ್ಟೇ. ಸ್ಕ್ಯಾನ್ ಕೇಂದ್ರದಿಂದ ಮೂಲ ಚಿತ್ರಗಳನ್ನು, ಡೈಕಾಮ್ ರೂಪದಲ್ಲಿ, ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಡುವಂತೆ ತಂದೆಯವರಿಂದ ಕೇಳಿಸಿ. ಹೋಳುಗಳು 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿರಬೇಕು, ಐದು ಮಿ.ಮೀ. ದಪ್ಪದ ಹೋಳುಗಳನ್ನಷ್ಟೇ ಕೊಟ್ಟರೆ ಯಾರೂ ಮತ್ತೆ ಅಳೆಯಲಾರರು. ತೆಳುವಾದ ಹೋಳುಗಳನ್ನು ಕೆಲವು ಕೇಂದ್ರಗಳು ಕೆಲವೇ ದಿನ ಇಟ್ಟುಕೊಂಡು ಅಳಿಸಿಬಿಡುತ್ತವೆ, ಆದ್ದರಿಂದ ಸ್ಕ್ಯಾನ್ ಆದ ವಾರದೊಳಗೇ ಕೇಳುವುದು ಒಳ್ಳೆಯದು. ಆ ಚಿತ್ರಗಳಿದ್ದರೆ ಮಸ್ಕತ್‌ನ ವೈದ್ಯರೂ ಧಾರವಾಡದ ವೈದ್ಯರೂ ಒಂದೇ ನಾಳವನ್ನು ನೋಡಿ ಮಾತನಾಡಬಹುದು, ತಂದೆಯವರಿಗೆ ಎರಡನೇ ಬಾರಿ ಕಾಂಟ್ರಾಸ್ಟ್ ಕೊಡಬೇಕಾದ ಪ್ರಸಂಗವೂ ತಪ್ಪುತ್ತದೆ.